ನಾತಾಳದ ರಾತ್ರಿ, ಹದಿನೇಳನೇ ಕಂಬ

ಹಬ್ಬ ಹತ್ತಿರವಾದದ್ದು ನಮಗೆ ತಿಳಿಯುವುದು
ಕ್ಯಾಲೆಂಡರಿನಿಂದಲ್ಲ, ಕೋಡಿಬಾಗದ ಟ್ರಾನ್ಸ್‌ಫಾರ್ಮರಿನಿಂದ.
ಡಿಸೆಂಬರ್ ಹತ್ತು ದಾಟಿತೆಂದರೆ
ಅದರ ಗುಂಯ್‌ ಎನ್ನುವ ದನಿ ಒಂದು ಪಟ್ಟು ದಪ್ಪ.
ಮಾಡಿಗೊಂದು ನಕ್ಷತ್ರ, ಬಾಲ್ಕನಿಗೆ ಎರಡು,
ಪೇರಲೆ ಗಿಡಕ್ಕೆ ದೀಪದ ಸರ,
ಸರದ ಬಾಲಕ್ಕೆ ಕಟ್ಟಿದ ಇನ್ನೊಂದು ಸರ.
ಬೇಕರಿಯೆದುರು ನೌಕಾನೆಲೆಯ ಹುಡುಗರ ಸಾಲು,
ಕೈತಾನ್ ಟೇಲರನ ಮಿಷನ್ನು
ರಾತ್ರಿ ಎರಡಕ್ಕೂ ಫ್ರಾಕಿನ ಅಂಚು ಓಡಿಸುತ್ತಿರುತ್ತದೆ.
ನಾವು ಲೈನ್‌ಮನ್‌ಗಳು ಕರಿದ ಎಣ್ಣೆಯ ವಾಸನೆ ಹಿಡಿದೇ
ಲೋಡು ಎಷ್ಟಿದೆ ಎಂದು ಹೇಳಬಲ್ಲೆವು.

ಇಪ್ಪತ್ತನಾಲ್ಕು. ಹನ್ನೊಂದು ಇಪ್ಪತ್ತಕ್ಕೆ ಎಲ್ಲ ಆರಿತು.

ಮೊದಲ ಫೋನು ಪಿಯದಾದ್ ಬಾಯಿಯದು:
"ವೀಜ್ ಗೆಲಿ ರೇ ಬೀರಾ!
ಬೆಬಿಂಕ ಐದು ಪದರ ಆಗಿದೆ, ಆರನೆಯದು ಒಲೆಯಲ್ಲಿದೆ."
ಎರಡನೆಯದು ಕ್ವಾಯರಿನವರದು, ಕೀಬೋರ್ಡು ಸತ್ತಿದೆಯಂತೆ.
ಮೂರನೆಯದು ಇನಾಸನ ಮಗನದು:
"ಅಂಕಲ್, ಗೋದಲಿಯ ಮೋಟಾರು ನಿಂತಿದೆ,
ಬೆತ್ಲೆಹೇಮಿನಲ್ಲಿ ಹೊಳೆ ಹರಿಯುತ್ತಾ ಇಲ್ಲ."

ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಸಿಕ್ಕಿತು.
ಆ ಮಾತನ್ನು ಎರಡು ಸಲ ಹೇಳಿಸಿಕೊಂಡೇ
ಕಂಬ ಹತ್ತುವವ ನಾನು.
ನನ್ನೊಟ್ಟಿಗೆ ಕೆಲಸಕ್ಕೆ ಸೇರಿದ ನಾಗು
ಒಂದೇ ಸಲ ಕೇಳಿಸಿಕೊಂಡಿದ್ದ.

ಮೇಲೆ ಬಾವಲಿ.
ಬಾದಾಮಿ ಮರಕ್ಕೆಂದು ಬಂದದ್ದು
ಎರಡು ತಂತಿಗೆ ಎರಡು ರೆಕ್ಕೆ ಚಾಚಿ ಸುಟ್ಟುಹೋಗಿದೆ,
ಬಾಯಲ್ಲಿ ಇನ್ನೂ ಅರ್ಧ ಕಾಯಿ.
ನನಗೂ ಏನೋ ನೆನಪಾಯಿತು.
ಆದರೆ ಹೋಲಿಕೆ ಹುಡುಕುವ ಹೊತ್ತಲ್ಲ ಅದು.
ಬಿಡಿಸಿ, ಸೊಂಟದ ಚೀಲಕ್ಕೆ ಹಾಕಿಕೊಂಡೆ.
ಕೆಳಗೆ ಎಸೆಯಲು ಯಾಕೋ ಮನಸ್ಸಾಗಲಿಲ್ಲ,
ಹೊಸ ಬಟ್ಟೆ ಉಟ್ಟ ಜನ ಓಡಾಡುವ ದಾರಿ ಅದು.

ಆಗ ನೋಡಿದೆ.
ಸೇತುವೆಯ ಕಡೆ ಕಾಳಿ ಒಂದು ಕಪ್ಪು ಉಸಿರು.
ದೂರದಲ್ಲಿ ದ್ವೀಪದ ದೀಪಸ್ತಂಭ
ಎಣಿಸಿ ಎಣಿಸಿ ಕಣ್ಣು ಮಿಟುಕಿಸುತ್ತಿದೆ.
ಕಾಗದದ ನಕ್ಷತ್ರಗಳು ಸುಮ್ಮನಾದ ಮೇಲೆ
ಹಳೆಯವು ಹೊರಬಿದ್ದಿವೆ, ಯಾರೂ ಬಿಲ್ಲು ಕಟ್ಟದವು.
ಇಗರ್ಜಿಯ ಅಂಗಳದಲ್ಲಿ ಮೊಬೈಲ್ ಬೆಳಕು,
ಮೇಣದ ಬತ್ತಿ, ಮಗುವಿನ ಅಳು,
ಯಾರದೋ ಕೆಮ್ಮು.
ಕೀಬೋರ್ಡಿಗೆ ಕಾದು ಸಾಕಾಗಿರಬೇಕು,
ಒಂದು ಹೆಣ್ಣುದನಿ ಹಾಡನ್ನು ತಪ್ಪು ಶ್ರುತಿಯಲ್ಲಿ ಎತ್ತಿತು.
ಒಬ್ಬೊಬ್ಬರಾಗಿ ಎಲ್ಲರೂ
ಆ ತಪ್ಪಿಗೇ ಬಂದು ಸೇರಿಕೊಂಡರು.

ಕೆಲಸ ಮುಗಿದಿತ್ತು.
ಇಳಿದು ಫೋನು ಮಾಡಿದರೆ ಆಯಿತು.
ನಾನು ಬೆಲ್ಟಿಗೆ ಒರಗಿ ಹಾಗೇ ನಿಂತೆ,
ಎರಡು ನಿಮಿಷ, ಮೂರೂ ಇರಬಹುದು.
ಇಪ್ಪತ್ತೆರಡು ವರ್ಷದಲ್ಲಿ ಬೆಳಕನ್ನು
ಬೇಕೆಂದೇ ತಡ ಮಾಡಿದ್ದು ಅದೊಂದೇ ಸಲ.

ಇಳಿಯುವಾಗ ಟಾರ್ಚಿಗೆ ಕಂಡದ್ದು:
ಮೀಟರು ತಪ್ಪಿಸಿ, ತಂತಿಗೆ ಕೊಕ್ಕೆ ಹಾಕಿ
ಗೋದಲಿಗೆ ಎಳೆದುಕೊಂಡ ಕರೆಂಟು.
ಇನಾಸನ ಮಗ ಕಂಬದ ಬುಡದಲ್ಲೇ ನಿಂತಿದ್ದ,
ನನ್ನ ಮುಖ ಬಿಟ್ಟು ಉಳಿದೆಲ್ಲ ಕಡೆ ನೋಡುತ್ತಿದ್ದ.
ಕೊಕ್ಕೆ ಕಿತ್ತೆ.
ಅವನ ಮನೆಯ ಬೋರ್ಡಿನಿಂದ ವಯರು ಎಳೆದು,
ಜೋಡಣೆಗೆ ಟೇಪು ಸುತ್ತಿ ಕೊಟ್ಟೆ.
"ಹೊಳೆಗೆ ದುಡ್ಡು ಅಪ್ಪ ಕೊಡುತ್ತಾನೆ, ಹೋಗು" ಅಂದೆ.

ಕರೆಂಟು ಬಂತು. ಓಹೋ ಎಂದು ಊರೆಲ್ಲ ಕೂಗಿತು.
ಕೀಬೋರ್ಡು ಎದ್ದು ಎಲ್ಲರನ್ನೂ ಸರಿಯಾದ ಶ್ರುತಿಗೆ ಎಳೆಯಿತು.
ಹಾಡು ಚಂದವಾಯಿತು. ಸ್ವಲ್ಪ ಸಣ್ಣದೂ ಆಯಿತು.

ರಿಜಿಸ್ಟರಿನಲ್ಲಿ ಬರೆದೆ:
ಕಾರಣ, ಬಾವಲಿ. ಅವಧಿ, ನಲವತ್ತೊಂದು ನಿಮಿಷ.

ಬೆಳಿಗ್ಗೆ ಡ್ಯೂಟಿ ಬಿಟ್ಟು ಹೊರಟಾಗ
ಗೇಟಿನ ಬಳಿ ಪಿಯದಾದ್ ಬಾಯಿ, ಕೈಯಲ್ಲಿ ತಟ್ಟೆ.
"ದೇವ್ ಬರೆಂ ಕರುಂ" ಎನ್ನುತ್ತಲೇ ಬೈದಳು.
"ಏಳು ಪದರ ನೋಡು, ಆರನೆಯದು ಕುಸಿದು ಕೂತಿದೆ.
ಇದು ನಿನ್ನ ಕತ್ತಲೆ ಬೀರಾ, ನೀನೇ ತಿನ್ನು."
ಎಷ್ಟು ಸಾಬೂನು ಹಾಕಿದರೂ
ಕೈಗೆ ಬಾವಲಿಯ ವಾಸನೆ ಇತ್ತು.
ಚಮಚ ಕೇಳಿ ಇಸಕೊಂಡು ತಿಂದೆ.

ಒಂಚೂರು ಹಸಿ.
ತೆಂಗಿನ ಹಾಲು ಅಲ್ಲೇ ಉಳಿದುಕೊಂಡಿತ್ತು.